ಮೇಲ್ಹೊಟ್ಟೆಯ ತೀವ್ರ ನೋವು: ತುರ್ತು ಚಿಕಿತ್ಸಾ ಘಟಕದಲ್ಲಿ ಹಂತ ಹಂತವಾಗಿ ಏನು ಮಾಡಬೇಕು

ದಾವಣಗೆರೆಯಲ್ಲಿ ರಾತ್ರಿ ಪಾಳಿ ಮಾಡಿದ ವೈದ್ಯರಿಗಾಗಲಿ ದಾದಿಯರಿಗಾಗಲಿ ಈ ದೃಶ್ಯ ಹೊಸದಲ್ಲ. ಹತ್ತೂವರೆಯ ಹೊತ್ತಿಗೆ ಐವತ್ತರ ಆಸುಪಾಸಿನ ಒಬ್ಬರು ಎದೆಮೂಳೆಯ ಕೆಳಗೆ ಎರಡೂ ಕೈ ಒತ್ತಿಕೊಂಡು ಬಾಗಿಲು ದಾಟಿ ಬರುತ್ತಾರೆ. ಜೊತೆಗೆ ಬಂದ ಮಗ, "ಸಂಜೆ ಮಂಡಕ್ಕಿ ಮಿರ್ಚಿ ತಿಂದಿದ್ರು ಸಾರ್, ಗ್ಯಾಸ್ ಆಗೈತಿ, ಒಂದು ಇಂಜೆಕ್ಷನ್ ಹಾಕ್ಬಿಡ್ರಿ, ಹೋಗ್ತೀವಿ" ಎನ್ನುತ್ತಾನೆ. ಹೀಗೆ ಬರುವ ಹೆಚ್ಚಿನವರ ವಿಷಯದಲ್ಲಿ ಮಗನ ಮಾತು ಸರಿಯೇ ಆಗಿರುತ್ತದೆ. ಅದು ಆಮ್ಲದ ನೋವು, ಔಷಧ ಕುಡಿದ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಆದರೆ ಅದೇ ಜಾಗದಲ್ಲಿ ಅದೇ ರೀತಿ ಕೈಯೊತ್ತಿಕೊಂಡು ಬಂದವರಲ್ಲಿ ಹೃದಯಾಘಾತವಾದವರು, ಜಠರ ತೂತಾದವರು, ಮೇದೋಜೀರಕ ಗ್ರಂಥಿ ಊದಿಕೊಂಡವರು, ಕೊನೆಗೆ ನಿದ್ದೆಯಲ್ಲಿ ಹಾವು ಕಚ್ಚಿದ್ದು ತಿಳಿಯದೇ ಬಂದವರೂ ಇರುತ್ತಾರೆ.

ತುರ್ತು ಘಟಕದಲ್ಲಿ ದುಡಿಯುವ ನಾನು ಈ ಲೇಖನವನ್ನು ಇಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಒಬ್ಬರು ತಾಲ್ಲೂಕು ಆಸ್ಪತ್ರೆಯಲ್ಲೋ ನರ್ಸಿಂಗ್ ಹೋಮಿನಲ್ಲೋ ರಾತ್ರಿ ಒಬ್ಬರೇ ಕರ್ತವ್ಯದಲ್ಲಿರುವ ಕಿರಿಯ ವೈದ್ಯರು ಮತ್ತು ಅವರ ಜೊತೆಗಿರುವ ಶುಶ್ರೂಷಾಧಿಕಾರಿ. ಇನ್ನೊಬ್ಬರು ರೋಗಿಯನ್ನು ಕರೆತರುವ ಮನೆಯವರು. ಈ ನೋವಿನ ವಿಷಯದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ: ನೋವನ್ನು ತಡಮಾಡದೆ ಇಳಿಸಬೇಕು, ಆದರೆ ಯಾವ ಔಷಧದಿಂದ ನೋವು ಇಳಿಯಿತು ಎಂಬುದನ್ನು ಯಾವ ರೋಗ ಎಂದು ತೀರ್ಮಾನಿಸಲು ಬಳಸಬಾರದು.

ಮನೆಯಿಂದ ಹೊರಡುವಾಗ

ಮೇಲ್ಹೊಟ್ಟೆ ಎಂದರೆ ಎದೆಮೂಳೆ ಮುಗಿಯುವಲ್ಲಿಂದ ಹೊಕ್ಕುಳಿನ ಮೇಲಿನವರೆಗಿನ ಜಾಗ. ಅಲ್ಲಿ ಉರಿ, ಹುಳಿತೇಗು, ಉಬ್ಬರ ಮಾತ್ರ ಇದ್ದು, ರೋಗಿ ಚಿಕ್ಕ ವಯಸ್ಸಿನವರಾಗಿ, ಇಂಥದ್ದು ಹಿಂದೆಯೂ ಬಂದು ಹೋಗಿದ್ದರೆ ಮನೆಯಲ್ಲಿ ಆಂಟಾಸಿಡ್, ಅಂದರೆ ಜಠರದ ಆಮ್ಲವನ್ನು ತಣಿಸುವ ದ್ರವ ಕುಡಿದು ಸ್ವಲ್ಪ ಹೊತ್ತು ನೋಡಬಹುದು. ಓಂಕಾಳು, ಜೀರಿಗೆ ಕಷಾಯ, ಮಜ್ಜಿಗೆ ಕುಡಿದು ಸಮಾಧಾನವಾದವರನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ನೋವಿನ ಜೊತೆ ಮೈ ಬೆವರುವುದು, ಉಸಿರು ಕಟ್ಟಿದಂತಾಗುವುದು, ಗದ್ದಕ್ಕೋ ತೋಳಿಗೋ ಬೆನ್ನಿಗೋ ನೋವು ಹರಿಯುವುದು, ತಲೆಸುತ್ತಿ ಬೀಳುವಂತಾಗುವುದು, ರಕ್ತ ಅಥವಾ ಕಾಫಿಪುಡಿಯಂಥ ವಾಂತಿ, ಡಾಂಬರಿನಂತೆ ಕಪ್ಪಗೆ ಅಂಟಂಟಾದ ಮಲ, ಹಲಗೆಯಂತೆ ಗಟ್ಟಿಯಾದ ಹೊಟ್ಟೆ, ಇವುಗಳಲ್ಲಿ ಒಂದಿದ್ದರೂ ಕಷಾಯ ಕಾಯಿಸುತ್ತ ಕೂರಬಾರದು. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು, ಬೀಡಿ ಸಿಗರೇಟು ಸೇದುವವರು ಮತ್ತು ಗರ್ಭಿಣಿಯರು ಈ ಲಕ್ಷಣಗಳಿಗಾಗಿಯೂ ಕಾಯದೆ ಹೊರಡುವುದು ಒಳ್ಳೆಯದು.

ಹೊರಡುವಾಗ 108ಕ್ಕೆ ಕರೆ ಮಾಡಿ. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಬರುವುದು ನಮ್ಮಲ್ಲಿ ಸಾಮಾನ್ಯ. ದಾರಿಯಲ್ಲಿ ಹೃದಯ ನಿಂತರೆ ಬೈಕಿನ ಮೇಲೆ ಏನೂ ಮಾಡಲಾಗುವುದಿಲ್ಲ. ಜಗಳೂರಿನಿಂದ ದಾವಣಗೆರೆಗಾಗಲಿ ಮೊಳಕಾಲ್ಮೂರಿನಿಂದ ಚಿತ್ರದುರ್ಗಕ್ಕಾಗಲಿ ಹೊರಟವರು ದೊಡ್ಡ ಆಸ್ಪತ್ರೆಗೇ ನೇರ ಹೋಗಬೇಕೆಂದು ಹಟ ಹಿಡಿಯದೆ, ಮೊದಲು ಸಿಗುವ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿಕೊಂಡು ಮುಂದೆ ಹೋಗುವುದು ಜಾಣತನ. ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಹೃದ್ರೋಗ ಕೇಂದ್ರಕ್ಕೆ ಕಳಿಸಿ, ಹೃದಯಾಘಾತ ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ.

ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನು, ಹಳೆಯ ಇಸಿಜಿಯನ್ನು, ಸ್ಕ್ಯಾನ್ ವರದಿಯನ್ನು ಒಂದು ಚೀಲಕ್ಕೆ ಹಾಕಿಕೊಳ್ಳಿ. ದಾರಿಯಲ್ಲಿ ಊಟ, ಎಳನೀರು, ಸೋಡಾ ಕೊಡಬೇಡಿ. ಹೃದಯಾಘಾತವಿರಬಹುದೆಂದು ಮನೆಯಲ್ಲಿಯೇ ಆಸ್ಪಿರಿನ್ ಕೊಡಬಹುದೇ ಎಂದು ಈಚೆಗೆ ಹಲವರು ಕೇಳುತ್ತಾರೆ. ಎದೆನೋವಿನ ವಿಷಯ ಬೇರೆ. ನೋವು ಮೇಲ್ಹೊಟ್ಟೆಯಲ್ಲಿದ್ದಾಗ ಅದು ಹುಣ್ಣೋ ತೂತೋ ಆಗಿದ್ದರೆ ಆಸ್ಪಿರಿನ್ ರಕ್ತಸ್ರಾವವನ್ನು ಹೆಚ್ಚಿಸುವುದರಿಂದ, ಇಸಿಜಿ ನೋಡಿದ ವೈದ್ಯರು ಹೇಳುವವರೆಗೆ ಕಾಯುವುದು ಲೇಸೆಂದು ನನ್ನ ಅಭಿಪ್ರಾಯ.

ಮೊದಲ ಹತ್ತು ನಿಮಿಷ

ರೋಗಿ ಬಾಗಿಲು ದಾಟಿದ 10 ನಿಮಿಷದೊಳಗೆ ಇಸಿಜಿ ಆಗಿ, ಅದನ್ನು ವೈದ್ಯರು ನೋಡಿರಬೇಕು. ಎದೆನೋವಿಗೆ ಇರುವ ಈ ನಿಯಮವನ್ನು ದೊಡ್ಡವರ ಮೇಲ್ಹೊಟ್ಟೆ ನೋವಿಗೂ ಹಾಗೆಯೇ ಅನ್ವಯಿಸಬೇಕು. ಕಾರಣ ಅಂಗರಚನೆಯಲ್ಲಿದೆ. ಹೃದಯದ ಕೆಳಗೋಡೆ ವಪೆಯ, ಅಂದರೆ ಎದೆ ಮತ್ತು ಹೊಟ್ಟೆಯನ್ನು ಬೇರ್ಪಡಿಸುವ ಸ್ನಾಯುವಿನ ಪರದೆಯ ಮೇಲೆ ಕೂತಿರುತ್ತದೆ, ವಪೆಯ ಕೆಳಗೆ ಜಠರವಿದೆ; ಎರಡರ ನೋವಿನ ಸಂದೇಶವೂ ಬೆನ್ನುಹುರಿಯ ಹತ್ತಿರ ಹತ್ತಿರದ ಭಾಗಗಳಿಗೆ ತಲುಪುವುದರಿಂದ ಮಿದುಳಿಗೆ ಅವನ್ನು ಬೇರ್ಪಡಿಸಿ ಹೇಳುವುದು ಕಷ್ಟ. ಹೀಗಾಗಿ ಕೆಳಗೋಡೆಯ ಹೃದಯಾಘಾತವು ಎದೆನೋವಿಲ್ಲದೆ ಹೊಟ್ಟೆನೋವು, ವಾಂತಿ, ಬೆವರಿನ ರೂಪದಲ್ಲಿ ಬರುತ್ತದೆ. ಹೆಂಗಸರು, ವಯಸ್ಸಾದವರು ಮತ್ತು ಬಹುಕಾಲದಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ ಇಂಥ ಮರೆಮಾಚಿದ ರೂಪ ಹೆಚ್ಚು.

ಇಸಿಜಿಯಲ್ಲಿ ಈ ಕೆಳಗೋಡೆಯನ್ನು ತೋರಿಸುವ ಎರಡು, ಮೂರು ಮತ್ತು ಎವಿಎಫ್ ಲೀಡುಗಳಲ್ಲಿ ಎಸ್‌ಟಿ ಭಾಗ ಮೇಲೆದ್ದಿದೆಯೇ ಎಂಬುದನ್ನು ಮೊದಲು ನೋಡಿ. ಎದ್ದಿದ್ದರೆ ಬಲಬದಿಯ ಲೀಡುಗಳನ್ನೂ ತೆಗೆಯಿರಿ. ಬಲ ಹೃತ್ಕುಕ್ಷಿಗೆ, ಅಂದರೆ ಹೃದಯದ ಬಲ ಕೆಳಕೋಣೆಗೆ ಪೆಟ್ಟು ಬಿದ್ದಿದ್ದರೆ ನಾಲಿಗೆ ಕೆಳಗಿಡುವ ನೈಟ್ರೇಟ್ ಮಾತ್ರೆ ರಕ್ತದೊತ್ತಡವನ್ನು ದಿಢೀರನೆ ಕುಸಿಯುವಂತೆ ಮಾಡಬಹುದು. ಅಲ್ಲಿಂದ ಮುಂದಿನದು ಹೃದಯಾಘಾತದ ಚಿಕಿತ್ಸೆ: 300 ಮಿಲಿಗ್ರಾಂ ಆಸ್ಪಿರಿನ್ ಅಗಿಯಲು ಕೊಡುವುದು, ಹೃದ್ರೋಗ ಕೇಂದ್ರವನ್ನು ಸಂಪರ್ಕಿಸುವುದು, ಆಂಜಿಯೋಪ್ಲಾಸ್ಟಿ ಸಕಾಲದಲ್ಲಿ ಸಿಗುವಂತಿಲ್ಲದಿದ್ದರೆ ಹೆಪ್ಪು ಕರಗಿಸುವ ಔಷಧವನ್ನು ಅರ್ಧ ಗಂಟೆಯೊಳಗೆ ಕೊಡುವುದು.

ಮೊದಲ ಇಸಿಜಿ ಚೆನ್ನಾಗಿದ್ದರೆ ಅದು ಆ ಗಳಿಗೆಯ ಚಿತ್ರ ಮಾತ್ರ. ಒಮ್ಮೆ ನಾನೇ ಎಡವಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ಮದುವೆ ಊಟ ಮಾಡಿ ಬಂದಿದ್ದ ಹಳ್ಳಿಯ ಯಜಮಾನರೊಬ್ಬರ ಇಸಿಜಿ ಸರಿಯಾಗಿದೆ ಎಂದುಕೊಂಡು ಆಂಟಾಸಿಡ್ ಕುಡಿಸಿದೆ. ಇಪ್ಪತ್ತು ನಿಮಿಷದಲ್ಲಿ ಅವರು, "ಈಗ ಹಗುರಾಯ್ತು ಡಾಕ್ಟ್ರೆ" ಎಂದು ಎದ್ದು ಕೂತರು. ಮನೆಗೆ ಕಳಿಸಲು ಚೀಟಿ ಬರೆಯುತ್ತಿದ್ದಾಗ ಹಿರಿಯ ದಾದಿಯೊಬ್ಬರು ಅವರ ಹಣೆಯ ಬೆವರು ಆರಿಲ್ಲವೆಂದು ತಾವಾಗಿಯೇ ಇನ್ನೊಂದು ಇಸಿಜಿ ತೆಗೆದರು. ಅದರಲ್ಲಿ ಹೃದಯಾಘಾತ ಸ್ಪಷ್ಟವಾಗಿತ್ತು. ಆ ಯಜಮಾನರು ಬದುಕಿದ್ದು ಆ ದಾದಿಯ ಕಣ್ಣಿನಿಂದ. ಅಂದಿನಿಂದ ನೋವು ಇರುವಷ್ಟು ಹೊತ್ತು 15 ರಿಂದ 30 ನಿಮಿಷಕ್ಕೊಮ್ಮೆ ಇಸಿಜಿ ಮರಳಿ ತೆಗೆಯುವುದನ್ನು, ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದದ್ದನ್ನು ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆಯನ್ನು ಬಂದ ಕೂಡಲೇ ಒಮ್ಮೆ ಮತ್ತು 3 ಗಂಟೆಗಳ ನಂತರ ಮತ್ತೊಮ್ಮೆ ಮಾಡಿಸುವುದನ್ನು ನಾನು ಬಿಟ್ಟಿಲ್ಲ. ಹಳೆಯ ಮಾದರಿಯ ಟ್ರೋಪೋನಿನ್ ಪಟ್ಟಿ ಮಾತ್ರ ಇರುವ ಆಸ್ಪತ್ರೆಗಳಲ್ಲಿ ಎರಡನೆಯದಕ್ಕೆ 6 ಗಂಟೆ ಕಾಯಬೇಕು, ಏಕೆಂದರೆ ಆಘಾತದ ಮೊದಲ ಕೆಲವು ಗಂಟೆಗಳಲ್ಲಿ ಅದು ಏನನ್ನೂ ತೋರಿಸದಿರಬಹುದು.

ಇಸಿಜಿ ತೆಗೆಯುತ್ತಿರುವಾಗಲೇ ಇನ್ನೊಬ್ಬರು ನಾಡಿ, ರಕ್ತದೊತ್ತಡ, ಉಸಿರಾಟದ ವೇಗ, ಆಮ್ಲಜನಕದ ಮಟ್ಟ, ಜ್ವರ ಮತ್ತು ಗ್ಲೂಕೋಮೀಟರಿನಲ್ಲಿ ಸಕ್ಕರೆ ನೋಡಬೇಕು. ಸಕ್ಕರೆ ನೋಡುವುದು ಯಾಕೆಂದರೆ, ಇನ್ಸುಲಿನ್ ಬಿಟ್ಟವರಲ್ಲಿ ಕೀಟೋನು ಹೆಚ್ಚಾಗಿ ರಕ್ತ ಆಮ್ಲೀಯವಾದಾಗಲೂ ಹೊಟ್ಟೆನೋವು ಮತ್ತು ವಾಂತಿಯೇ ಮುಂದೆ ನಿಲ್ಲುತ್ತವೆ.

ಕೇಳುವುದು ಮತ್ತು ಮುಟ್ಟಿ ನೋಡುವುದು

ನೋವು ಯಾವಾಗ ಶುರುವಾಯಿತು, ಒಮ್ಮೆಲೇ ಚೂರಿ ಹಾಕಿದಂತೆ ಬಂತೋ ನಿಧಾನವಾಗಿ ಏರಿತೋ, ಎಲ್ಲಿಗೆ ಹರಿಯುತ್ತದೆ, ಹೇಗೆ ಕೂತರೆ ಹಗುರ ಎಂದು ಕೇಳಿ. ಮುಂದಕ್ಕೆ ಬಾಗಿ ಕೂತರೆ ಹಗುರವಾಗುವ, ಬೆನ್ನಿಗೆ ಇರಿಯುವ ನೋವು ಮೇದೋಜೀರಕ ಗ್ರಂಥಿಯತ್ತ ಬೆರಳು ತೋರಿಸುತ್ತದೆ. ಬೆಣ್ಣೆ ದೋಸೆಯಂಥ ಜಿಡ್ಡಿನ ಊಟದ ಒಂದೆರಡು ಗಂಟೆಯ ಮೇಲೆ ಬಲಪಕ್ಕೆಯ ಕೆಳಗೆ ಹಿಡಿದು ಬಲ ಹೆಗಲಿನ ಹಲಗೆಗೆ ಹರಿಯುವ ನೋವು ಪಿತ್ತಕೋಶದ ಕಲ್ಲಿನದಿರಬಹುದು. ಜಿಡ್ಡು ಕರುಳಿಗಿಳಿದಾಗ ಪಿತ್ತಕೋಶ ಹಿಂಡಿಕೊಳ್ಳುತ್ತದೆ, ಬಾಯಿಗೆ ಕಲ್ಲು ಅಡ್ಡ ಕೂತಿದ್ದರೆ ನೋವಾಗುತ್ತದೆ. ಹೀಗಾಗಿ "ದೋಸೆ ತಿಂದ ಮೇಲೆ ಬಂತು" ಎಂಬ ಮಾತೇ ಗ್ಯಾಸ್ಟ್ರಿಕ್ ಎನ್ನಲು ಸಾಕಾಗುವುದಿಲ್ಲ. ಮೇಲ್ಹೊಟ್ಟೆಯಲ್ಲಿ ಶುರುವಾಗಿ ಕೆಲವು ಗಂಟೆಗಳಲ್ಲಿ ಬಲ ಕೆಳಹೊಟ್ಟೆಗೆ ಇಳಿಯುವ ನೋವು ಅಪೆಂಡಿಕ್ಸಿನದು.

ಮಾತ್ರೆಗಳ ಬಗ್ಗೆ ಕೇಳುವಾಗ ಬಿಡಿಸಿ ಕೇಳಬೇಕು. "ಏನಾದರೂ ಮಾತ್ರೆ ತಗೋತೀರಾ" ಎಂದರೆ ಅಜ್ಜಿ ಇಲ್ಲ ಎನ್ನುತ್ತಾರೆ. "ಮಂಡಿನೋವಿಗೆ, ಸೊಂಟನೋವಿಗೆ ಮೆಡಿಕಲ್ ಶಾಪಿನಿಂದ ಏನಾದರೂ ತರಿಸಿಕೊಂಡು ನುಂಗ್ತೀರೇನಜ್ಜಿ" ಎಂದರೆ ಸೆರಗಿನ ಗಂಟಿನಿಂದ ಬಿಡಿ ಮಾತ್ರೆಗಳು ಹೊರಬರುತ್ತವೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್‌ಗಳು ಜಠರದ ಒಳಪೊರೆಯನ್ನು ಕಾಯುವ ಪ್ರೊಸ್ಟಗ್ಲಾಂಡಿನ್‌ಗಳು ಹುಟ್ಟದಂತೆ ತಡೆಯುತ್ತವೆ. ಹುಣ್ಣಿನ ಎರಡು ಮುಖ್ಯ ಕಾರಣಗಳಲ್ಲಿ ಇದೊಂದು. ಇನ್ನೊಂದು ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ, ಇದನ್ನು ಕಂಡುಹಿಡಿದದ್ದಕ್ಕಾಗಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಮದ್ಯದ ಬಗ್ಗೆ ಮನೆಯವರನ್ನು ಹೊರಗೆ ಕೂರಿಸಿ ಕೇಳಿದರೆ ಮಾತ್ರ ನಿಜ ಸಿಗುತ್ತದೆ. ಮೆಕ್ಕೆಜೋಳ, ಹತ್ತಿ, ಅಡಿಕೆ ಬೆಳೆಯುವ ನಮ್ಮ ಕಡೆ ಹೊಲದ ಔಷಧಿ ಹೊಟ್ಟೆಗೆ ಹೋಗಿರಬಹುದೇ ಎಂಬುದನ್ನೂ ಅಷ್ಟೇ ಮೃದುವಾಗಿ, ಗದರಿಸದೆ ಕೇಳಬೇಕು. ಮನೆಯವರೂ ಪೊಲೀಸು, ಮರ್ಯಾದೆ ಎಂದು ಹೆದರಿ ಮುಚ್ಚಿಡಬಾರದು. ಆ ಒಂದು ಮಾತು ಸಿಗದೆ ಹೋದರೆ ಚಿಕಿತ್ಸೆಯ ದಾರಿಯೇ ತಪ್ಪುತ್ತದೆ.

ಹೊಟ್ಟೆಯನ್ನು ಮುಟ್ಟುವ ಮೊದಲು ರೋಗಿ ಹೇಗೆ ಮಲಗಿದ್ದಾರೆಂದು ನೋಡಿ. ಕಲ್ಲಿನ ನೋವಿನವರು ಹೊರಳಾಡುತ್ತಾರೆ, ಜಠರ ತೂತಾದವರು ಅಲುಗಾಡದೆ, ಉಸಿರನ್ನೂ ಮೇಲೆ ಮೇಲೆ ಎಳೆಯುತ್ತ ಮಲಗಿರುತ್ತಾರೆ. ನೋವಿಲ್ಲದ ಭಾಗದಿಂದ ಶುರುಮಾಡಿ ಬೆಚ್ಚಗಿನ ಅಂಗೈಯಿಂದ ಒತ್ತಿ. ಹೊಟ್ಟೆ ಹಲಗೆಯಂತೆ ಸೆಟೆದಿದ್ದರೆ ಬಾಯಿಂದ ಏನನ್ನೂ, ಆಂಟಾಸಿಡ್ ಅನ್ನು ಕೂಡ ಕೊಡದೆ ಶಸ್ತ್ರಚಿಕಿತ್ಸಕರನ್ನು ಕರೆಯಿರಿ. ಹತ್ತು ನಿಮಿಷ ನೆಟ್ಟಗೆ ಕೂರಿಸಿ ತೆಗೆದ ಎದೆಯ ಎಕ್ಸ್‌ರೇಯಲ್ಲಿ ವಪೆಯ ಕೆಳಗೆ ಗಾಳಿಯ ಕಪ್ಪು ಗೆರೆ ಕಂಡರೆ ತೂತು ಖಚಿತ. ಕಾಣದಿದ್ದರೆ ತೂತಿಲ್ಲ ಎಂದು ಹೇಳಲಾಗದು, ಸಂಶಯವಿದ್ದರೆ ಸಿಟಿ ಸ್ಕ್ಯಾನ್ ಬೇಕು. ಒತ್ತಿದಾಗ ಹೊಟ್ಟೆ ಮೆದುವಾಗಿಯೇ ಇದ್ದು, ರೋಗಿ ಮಾತ್ರ ತಡೆಯಲಾರದೆ ಕೂಗುತ್ತಿದ್ದು, ನಾಡಿ ತಾಳ ತಪ್ಪಿ ಬಡಿಯುತ್ತಿದ್ದರೆ ಕರುಳಿನ ರಕ್ತನಾಳ ಕಟ್ಟಿಕೊಂಡಿರುವ ಸಾಧ್ಯತೆಯನ್ನು ಮರೆಯಬೇಡಿ.

ನೋವಿಳಿಸುವುದು: ಆಂಟಾಸಿಡ್ ಮತ್ತು ಅದರ ಜೊತೆ ಬೆರೆಸುವ ಔಷಧಗಳು

ಇಸಿಜಿ ಸರಿಯಿದ್ದು, ಹೊಟ್ಟೆ ಮೆದುವಾಗಿದ್ದು, ಆಮ್ಲದ ನೋವೇ ಇರಬೇಕೆಂದು ತೋರಿದಾಗ ಮೊದಲು ಕೊಡಬೇಕಾದದ್ದು ಸಾದಾ ಆಂಟಾಸಿಡ್ ದ್ರವ. ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಮತ್ತು ಮೆಗ್ನೀಸಿಯಂ ಹೈಡ್ರಾಕ್ಸೈಡ್ ಇರುವ, ಬಾಟಲಿಯನ್ನು ಚೆನ್ನಾಗಿ ಕುಲುಕಿದ ದ್ರವವನ್ನು 10 ರಿಂದ 20 ಮಿಲಿಲೀಟರ್ ಕುಡಿಸಿ. ಇದು ಜಠರದಲ್ಲಿ ಆಗಲೇ ಇರುವ ಆಮ್ಲವನ್ನು ತಟಸ್ಥಗೊಳಿಸುವುದರಿಂದ ಪರಿಣಾಮ ಕೆಲವೇ ನಿಮಿಷಗಳಲ್ಲಿ ಶುರುವಾಗುತ್ತದೆ. ಬರಿಹೊಟ್ಟೆಯಲ್ಲಿ ಅದು ಬೇಗ ಕರುಳಿಗೆ ಇಳಿದುಬಿಡುವುದರಿಂದ ಒಂದು ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ. ಊಟದ ಮೇಲೆ ಕೊಟ್ಟರೆ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ. ಮೂತ್ರಪಿಂಡ ಕೆಟ್ಟವರಿಗೆ ಮೆಗ್ನೀಸಿಯಂ ಮತ್ತು ಅಲ್ಯುಮಿನಿಯಂ ಎರಡೂ ಮೈಯಲ್ಲಿ ಉಳಿದುಕೊಳ್ಳುವುದರಿಂದ ಕೇಳಿಯೇ ಕೊಡಬೇಕು.

ಹಲವು ತುರ್ತು ಘಟಕಗಳಲ್ಲಿ ಆಂಟಾಸಿಡ್ ಜೊತೆ ಲಿಗ್ನೋಕೇನ್ ಎಂಬ ಮರಗಟ್ಟಿಸುವ ಔಷಧವನ್ನು, ಕೆಲವೊಮ್ಮೆ ಸೆಳೆತ ನಿವಾರಕವನ್ನೂ ಬೆರೆಸಿ ಒಂದೇ ಲೋಟದಲ್ಲಿ ಕುಡಿಸುವ ವಾಡಿಕೆ ದಶಕಗಳಿಂದ ಇದೆ. ಎರಡು ಕೂಡಿದರೆ ಹೆಚ್ಚು ಗುಣ ಎಂಬ ನಂಬಿಕೆ ಸಹಜವಾದದ್ದೇ. ಆದರೆ ಇದನ್ನು ಪರೀಕ್ಷೆಗೊಡ್ಡಿದಾಗ ಫಲ ಬೇರೆಯೇ ಬಂದಿದೆ. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಾದಾ ಆಂಟಾಸಿಡ್, ಅದರ ಜೊತೆ ಸೆಳೆತ ನಿವಾರಕ, ಅದರ ಜೊತೆ ಲಿಗ್ನೋಕೇನ್ ಕೂಡ ಸೇರಿದ ಮಿಶ್ರಣ, ಈ ಮೂರರ ನಡುವೆ ನೋವಿಳಿಸುವುದರಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿಯೂ ಲಿಗ್ನೋಕೇನ್ ಬೆರೆಸಿದ್ದರಿಂದ ಅರ್ಧ ಗಂಟೆಯ ಹೊತ್ತಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ರೋಗಿಗಳಿಗೆ ಕುಡಿಯಲು ಹಿತವೆನಿಸಿದ್ದೂ ಕಿರಿಕಿರಿ ಕಡಿಮೆಯಾದದ್ದೂ ಸಾದಾ ಆಂಟಾಸಿಡ್‌ನಿಂದಲೇ.

ಇದನ್ನು ಓದಿದ ಮೇಲೆ ನಾನು ಲಿಗ್ನೋಕೇನ್ ಬೆರೆಸುವುದನ್ನು ನಿಲ್ಲಿಸಿದೆ. ಅದು ಬಾಯಿ ಗಂಟಲುಗಳನ್ನು ಮರಗಟ್ಟಿಸುತ್ತದೆ, ಕಹಿಯಾಗಿರುತ್ತದೆ. ಗಂಟಲು ಮರಗಟ್ಟಿದ ಮುದುಕರು ವಾಂತಿ ಮಾಡಿಕೊಂಡರೆ ಅದು ಶ್ವಾಸನಾಳಕ್ಕೆ ಇಳಿಯುವ ಭಯ ಇದ್ದೇ ಇದೆ. ಅಂಗಡಿಯಲ್ಲಿ ಸಿಗುವ ಕೆಲವು ಗುಲಾಬಿ ಬಣ್ಣದ ಜೆಲ್‌ಗಳಲ್ಲಿ ಆಕ್ಸೆಟಕೇನ್ ಎಂಬ ಇನ್ನೊಂದು ಮರಗಟ್ಟಿಸುವ ಔಷಧ ಇರುತ್ತದೆ. ಮನೆಯಲ್ಲಿ ಅದನ್ನು ಕುಡಿದು ನೋವು ತಗ್ಗಿತೆಂದು ದಿನಗಟ್ಟಲೆ ಕಾಯುವವರಿಗೆ ಈ ವಿಷಯ ಗೊತ್ತಿರಲಿ.

ಇಲ್ಲಿಯೇ ನಾನು ಮೊದಲು ಹೇಳಿದ ಮಾತನ್ನು ಮತ್ತೆ ಹೇಳಬೇಕು. ಆಂಟಾಸಿಡ್ ಕುಡಿಸಿ ನೋಡೋಣ, ಇಳಿದರೆ ಜಠರ, ಇಳಿಯದಿದ್ದರೆ ಹೃದಯ ಎಂದು ಕೆಲವರು ಅದನ್ನು ಪರೀಕ್ಷೆಯಂತೆ ಬಳಸುತ್ತಾರೆ. ಹೃದಯದ ನೋವು ತಾನಾಗಿಯೇ ಏರಿಳಿಯುತ್ತದೆ. ಲೋಟ ಕೈಗೆ ಕೊಟ್ಟ ಹೊತ್ತಿನಲ್ಲಿಯೇ ಅದು ಇಳಿಯಬಹುದು, ನಾನು ಹೇಳಿದ ಯಜಮಾನರಲ್ಲಿ ಆದಂತೆ. ಅದೇ ರೀತಿ ನೈಟ್ರೇಟ್ ಮಾತ್ರೆಗೆ ಇಳಿದ ನೋವೆಲ್ಲ ಹೃದಯದ್ದೇ ಆಗಬೇಕಿಲ್ಲ, ಅನ್ನನಾಳದ ಸೆಳೆತವೂ ಅದಕ್ಕೆ ಇಳಿಯುತ್ತದೆ.

ಇನ್ನು ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ ಚುಚ್ಚುಮದ್ದು. ಹೊಟ್ಟೆನೋವೆಂದು ಬಂದ ಎಲ್ಲರಿಗೂ ಕೈ ಅದರತ್ತಲೇ ಹೋಗುತ್ತದೆ, ರೋಗಿಯ ಮನೆಯವರೂ ಅದನ್ನೇ ನಿರೀಕ್ಷಿಸುತ್ತಾರೆ. ಅದು ಮುಂದೆ ಹುಟ್ಟುವ ಆಮ್ಲವನ್ನು ತಡೆಯುತ್ತದೆಯೇ ಹೊರತು ಈಗಾಗಲೇ ಸುಡುತ್ತಿರುವ ಆಮ್ಲವನ್ನು ಮುಟ್ಟುವುದಿಲ್ಲ. ಹುಣ್ಣು ಮಾಯಲು, ರಕ್ತ ವಾಂತಿಯಾದವರಿಗೆ ಅದು ಅತ್ಯಗತ್ಯ. ಆದರೆ ತಕ್ಷಣದ ನೋವಿಗೆ ಅದನ್ನೊಂದೇ ಕೊಟ್ಟು ಕಾಯಿಸುವುದು ರೋಗಿಗೆ ಮಾಡುವ ಅನ್ಯಾಯ. ಬಾಯಿಂದ ಕುಡಿಯಬಲ್ಲವರಿಗೆ ಮೊದಲು ಆಂಟಾಸಿಡ್ ಕೊಟ್ಟು ಆಮೇಲೆ ಇದನ್ನು ಕೊಡಿ. ವಾಂತಿ ಇದ್ದರೆ ಒಂಡಾನ್ಸೆಟ್ರಾನ್ 4 ಮಿಲಿಗ್ರಾಂ ಅನ್ನು ಮುಂಚೆಯೇ ರಕ್ತನಾಳಕ್ಕೆ ನಿಧಾನವಾಗಿ ಕೊಟ್ಟರೆ ಆಂಟಾಸಿಡ್ ಹೊಟ್ಟೆಯಲ್ಲಿ ನಿಲ್ಲುತ್ತದೆ.

ಅದು ಸಾಲದಾದಾಗ

ನೋವನ್ನು ಅಳೆಯಲು ನಾವು ಸೊನ್ನೆಯಿಂದ ಹತ್ತರವರೆಗಿನ ಅಂಕ ಕೇಳುತ್ತೇವೆ. ಹಳ್ಳಿಯ ಹಿರಿಯರಿಗೆ ಇದು ಒಗ್ಗುವುದಿಲ್ಲ. "ರೂಪಾಯಿಗೆ ಎಷ್ಟಾಣೆ ಕಮ್ಮಿ ಆಗೈತಿ ಯಜಮಾನ್ರೆ" ಎಂದು ಕೇಳಿದರೆ "ಎಂಟಾಣೆ ಕಮ್ಮಿ ಆಗೈತಿ" ಎಂದು ಖಚಿತವಾಗಿ ಹೇಳುತ್ತಾರೆ, ಅದನ್ನು ಹಾಗೆಯೇ ಕೇಸ್ ಶೀಟಿನಲ್ಲಿ ಸಮಯದೊಂದಿಗೆ ಬರೆಯಿರಿ. ಆಂಟಾಸಿಡ್ ಕೊಟ್ಟ 30 ನಿಮಿಷಕ್ಕೆ ಎಂಟಾಣೆಯೂ ಇಳಿಯದಿದ್ದರೆ ಮೊದಲು ರೋಗನಿರ್ಣಯವನ್ನು ಪ್ರಶ್ನಿಸಿ, ಇನ್ನೊಂದು ಇಸಿಜಿ ತೆಗೆಯಿರಿ, ಆಮೇಲೆ ಮುಂದಿನ ಔಷಧ.

ರಕ್ತನಾಳದ ಮೂಲಕ 1 ಗ್ರಾಂ ಪ್ಯಾರಾಸಿಟಮಾಲ್ ಅನ್ನು 15 ನಿಮಿಷದಲ್ಲಿ ಹರಿಸುವುದು ಸುರಕ್ಷಿತವಾದ ಮುಂದಿನ ಹೆಜ್ಜೆ. 50 ಕಿಲೋಗಿಂತ ಕಡಿಮೆ ತೂಕದವರಿಗೆ ಕಿಲೋಗೆ 15 ಮಿಲಿಗ್ರಾಂ ಲೆಕ್ಕ ಹಾಕಬೇಕು, ಯಕೃತ್ತು ಕೆಟ್ಟವರಲ್ಲಿ ಇನ್ನೂ ಎಚ್ಚರ ಬೇಕು. ಹಿಂಡಿ ಹಿಂಡಿ ಬರುವ ನೋವಿಗೆ ಹಯೊಸಿನ್ ಬ್ಯುಟೈಲ್‌ಬ್ರೊಮೈಡ್ 20 ಮಿಲಿಗ್ರಾಂ ಕೊಡಬಹುದು, ಗ್ಲಾಕೋಮಾ ಇರುವವರಿಗೆ, ಹೃದಯ ಬಡಿತ ಆಗಲೇ ವೇಗವಾಗಿರುವವರಿಗೆ ಬೇಡ. ಡೈಕ್ಲೋಫೆನಾಕ್ 75 ಮಿಲಿಗ್ರಾಂ ಪಿತ್ತಕೋಶದ ಕಲ್ಲಿನ ನೋವಿಗೆ ಬಹಳ ಒಳ್ಳೆಯ ಔಷಧ, ಆದರೆ ಅಲ್ಟ್ರಾಸೌಂಡಿನಲ್ಲಿ ಕಲ್ಲು ಕಂಡ ಮೇಲೆ ಕೊಡುವುದು ನನ್ನ ಕ್ರಮ. ಮೇಲ್ಹೊಟ್ಟೆ ನೋವಿನ ಕಾರಣವೇ ತಿಳಿಯದಿರುವಾಗ ಅದನ್ನು ಹಾಕುವುದು ಹುಣ್ಣಿಗೆ ಹುಣ್ಣಿನ ಕಾರಣವನ್ನೇ ಚುಚ್ಚಿದಂತಾಗುತ್ತದೆ.

ತೀವ್ರ ನೋವಿಗೆ ಮಾರ್ಫಿನ್ ಅಥವಾ ಫೆಂಟನಿಲ್ ಬೇಕು. ಶಸ್ತ್ರಚಿಕಿತ್ಸಕರು ಬಂದು ನೋಡುವವರೆಗೆ ನೋವು ನಿವಾರಕ ಕೊಡಬಾರದು, ಕೊಟ್ಟರೆ ರೋಗದ ಲಕ್ಷಣ ಮುಚ್ಚಿಹೋಗುತ್ತದೆ ಎಂದು ನಮ್ಮ ಗುರುಗಳು ಕಲಿಸಿದ್ದರು. ಅದು ಸಿಟಿ ಸ್ಕ್ಯಾನ್, ಅಲ್ಟ್ರಾಸೌಂಡುಗಳಿಲ್ಲದ ಕಾಲದ ಪಾಠ. ಅನಂತರದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೊಟ್ಟೆನೋವಿನವರಿಗೆ ಮಾರ್ಫಿನ್ ವರ್ಗದ ಔಷಧ ಕೊಟ್ಟದ್ದರಿಂದ ರೋಗನಿರ್ಣಯದ ತಪ್ಪುಗಳು ಹೆಚ್ಚಾಗಲಿಲ್ಲವೆಂದು ತಿಳಿದುಬಂದಿದೆ. ನೋವು ತಗ್ಗಿದ ರೋಗಿ ಹೊಟ್ಟೆಯನ್ನು ಸಡಿಲ ಬಿಡುವುದರಿಂದ ಮುಟ್ಟಿ ನೋಡುವುದು ಸುಲಭವೇ ಆಗುತ್ತದೆ. ಮಾರ್ಫಿನ್ ಅನ್ನು ಕಿಲೋಗೆ 0.1 ಮಿಲಿಗ್ರಾಂ ಲೆಕ್ಕದಲ್ಲಿ, ಒಮ್ಮೆಗೇ ಕೊಡದೆ 2 ರಿಂದ 4 ಮಿಲಿಗ್ರಾಮಿನ ಕಂತುಗಳಲ್ಲಿ, ಉಸಿರಾಟ ಮತ್ತು ರಕ್ತದೊತ್ತಡ ನೋಡುತ್ತ ಕೊಡಬೇಕು. ವಯಸ್ಸಾದವರಿಗೆ ಅದರ ಅರ್ಧದಿಂದ ಶುರುಮಾಡಬೇಕು. ಇವು ಸಿಗದ ಸಣ್ಣ ಆಸ್ಪತ್ರೆಗಳಲ್ಲಿ ಟ್ರಮಡಾಲ್ 50 ಮಿಲಿಗ್ರಾಂ ಅನ್ನು ನಿಧಾನವಾಗಿ ಕೊಡಬಹುದು, ಫಿಟ್ಸ್ ಇರುವವರಿಗೆ ಕೊಡಬಾರದು.

ಬೇರೆ ದಾರಿ ಹಿಡಿಯಬೇಕಾದವರು

ಮೇದೋಜೀರಕ ಗ್ರಂಥಿಯ ಉರಿಯೂತವನ್ನು ಹಬ್ಬ, ಜಾತ್ರೆ, ಮದುವೆಗಳ ಮರುದಿನ ನೆನಪಿಡಿ. ಮದ್ಯ ಮತ್ತು ಪಿತ್ತಕೋಶದ ಕಲ್ಲು ಇದರ ಎರಡು ಮುಖ್ಯ ಕಾರಣಗಳು. ರಕ್ತದಲ್ಲಿ ಈ ಗ್ರಂಥಿಯ ಕಿಣ್ವಗಳಾದ ಲೈಪೇಸ್ ಅಥವಾ ಅಮೈಲೇಸ್ ಸಾಮಾನ್ಯ ಮಿತಿಯ ಮೂರು ಪಟ್ಟು ಏರಿದ್ದು ನೋವು ಈ ರೀತಿಯದಾಗಿದ್ದರೆ ರೋಗ ಖಚಿತ, ಮೊದಲ ದಿನವೇ ಸಿಟಿ ಸ್ಕ್ಯಾನಿನ ಅಗತ್ಯವಿಲ್ಲ. ರಿಂಗರ್ ಲ್ಯಾಕ್ಟೇಟ್ ದ್ರವವನ್ನು ಹಿತಮಿತವಾಗಿ ಕೊಡಿ. ಬಾಟಲಿ ಮೇಲೆ ಬಾಟಲಿ ಸುರಿಯುವ ಹಳೆಯ ಪದ್ಧತಿಯಿಂದ ಶ್ವಾಸಕೋಶಕ್ಕೆ ನೀರು ತುಂಬುವ ಅಪಾಯ ಹೆಚ್ಚುವುದು 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಕಂಡುಬಂದಿದೆ. ಇವರಿಗೆ ಮಾರ್ಫಿನ್ ಕೊಡಬಾರದೆಂಬ ಮಾತಿಗೂ ಗಟ್ಟಿ ಆಧಾರವಿಲ್ಲ.

ಐದು ತಿಂಗಳು ದಾಟಿದ ಗರ್ಭಿಣಿಗೆ ಮೇಲ್ಹೊಟ್ಟೆಯಲ್ಲಿ ಅಥವಾ ಬಲಪಕ್ಕೆಯಲ್ಲಿ ನೋವು ಬಂದರೆ ಅದನ್ನು ಎದೆಯುರಿ ಎಂದುಕೊಳ್ಳುವ ಮೊದಲು ರಕ್ತದೊತ್ತಡ ಮತ್ತು ಮೂತ್ರದ ಪ್ರೋಟೀನು ನೋಡಲೇಬೇಕು. 140/90 ಮುಟ್ಟಿದ್ದರೆ ಅದು ಗರ್ಭಿಣಿ ನಂಜಿನ ನೋವು, ಯಕೃತ್ತು ಊದಿಕೊಂಡದ್ದರ ಗುರುತು ಎಂದು ತಿಳಿದು ಆಗಿಂದಾಗಲೇ ಪ್ರಸೂತಿ ತಜ್ಞರನ್ನು ಕರೆಸಿ, ಪ್ಲೇಟ್‌ಲೆಟ್ ಮತ್ತು ಯಕೃತ್ತಿನ ಪರೀಕ್ಷೆಗೆ ರಕ್ತ ಕಳಿಸಿ. ತಲೆನೋವು, ಕಣ್ಣು ಮಂಜಾಗುವುದು ಜೊತೆಗಿದ್ದರೆ ಫಿಟ್ಸ್ ಬರುವುದು ದೂರವಿಲ್ಲ.

ಇನ್ನೊಂದು ವಿಷಯವನ್ನು ನಮ್ಮ ಬಯಲುಸೀಮೆಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದವರು ನಸುಕಿನಲ್ಲಿ ಹೊಟ್ಟೆನೋವು, ವಾಂತಿ ಎಂದು ಎದ್ದು ಬಂದರೆ ಕಟ್ಟುಹಾವಿನ ಕಡಿತವನ್ನು ನೆನೆಯಬೇಕು. ಈ ಹಾವಿನ ಹಲ್ಲು ಸಣ್ಣದು, ಕಚ್ಚಿದ ಜಾಗದಲ್ಲಿ ನೋವೂ ಬಾವೂ ಇರುವುದಿಲ್ಲ, ನಿದ್ದೆಯಲ್ಲಿದ್ದವರಿಗೆ ಕಚ್ಚಿದ್ದೇ ತಿಳಿಯುವುದಿಲ್ಲ. ಹೊಟ್ಟೆನೋವಿನ ಹಿಂದೆಯೇ ಕಣ್ಣಿನ ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ, ಆಮೇಲೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಆದ್ದರಿಂದ ಬೆಳಗಿನ ಜಾವದ ಹೊಟ್ಟೆನೋವಿನವರಿಗೆ "ಮೇಲೆ ನೋಡಿ" ಎಂದು ಹೇಳಿ ರೆಪ್ಪೆಗಳನ್ನು ಒಂದು ನಿಮಿಷ ಗಮನಿಸಿ, ಎಲ್ಲಿ ಮಲಗಿದ್ದರೆಂದು ಕೇಳಿ. ರೆಪ್ಪೆ ಇಳಿಯುತ್ತಿದ್ದರೆ ಹಾವಿನ ವಿಷದ ಪ್ರತಿವಿಷವನ್ನು ಶುರುಮಾಡಿ, ಕೃತಕ ಉಸಿರಾಟದ ಸಿದ್ಧತೆ ಮಾಡಿಕೊಳ್ಳಿ.

ಮನೆಗೆ ಕಳಿಸುವ ಮೊದಲು

ನೋವು ಪೂರ್ತಿ ಇಳಿದಿರಬೇಕು, ನಾಡಿ ರಕ್ತದೊತ್ತಡಗಳು ಸರಿಯಿರಬೇಕು, ಹೊಟ್ಟೆ ಮರಳಿ ಮುಟ್ಟಿದಾಗಲೂ ಮೆದುವಾಗಿರಬೇಕು, ನಲವತ್ತು ದಾಟಿದವರಲ್ಲಿ ಕನಿಷ್ಠ ಎರಡು ಇಸಿಜಿ ಮತ್ತು ಎರಡು ಟ್ರೋಪೋನಿನ್ ನೋಡಿರಬೇಕು, ಕುಡಿದ ನೀರು ವಾಂತಿಯಾಗದೆ ನಿಂತಿರಬೇಕು. ಇಷ್ಟೂ ಆದ ಮೇಲೆಯೇ ಚೀಟಿ ಬರೆಯುವುದು. ಹಾಸಿಗೆ ಕಡಿಮೆ ಇರುವ ರಾತ್ರಿಗಳಲ್ಲಿ ಇದನ್ನು ಪಾಲಿಸುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಆಗ ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿಯಾದರೂ ಕಣ್ಣೆದುರಿಗೆ ಇಟ್ಟುಕೊಳ್ಳಬೇಕು.

ಪ್ಯಾಂಟೊಪ್ರಜೋಲ್‌ನಂಥ ಆಮ್ಲನಿರೋಧಕ ಮಾತ್ರೆಯನ್ನು ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲು, ನಾಲ್ಕು ವಾರಗಳ ಮಟ್ಟಿಗೆ ಬರೆದುಕೊಡಿ. ವರ್ಷಗಟ್ಟಲೆ ತಾವಾಗಿಯೇ ನುಂಗುತ್ತಿರುವವರಿಗೆ ಯಾಕೆ ನುಂಗುತ್ತಿದ್ದಾರೆಂದು ಕೇಳಿ. ಮಂಡಿನೋವಿನ ಮಾತ್ರೆ ನಿಲ್ಲಿಸಿ ಪ್ಯಾರಾಸಿಟಮಾಲ್‌ಗೆ ಬದಲಾಯಿಸಿ. ನೋವು ಮರುಕಳಿಸುವವರಿಗೆ ಹೆಲಿಕೋಬ್ಯಾಕ್ಟರ್ ಪರೀಕ್ಷೆ ಬೇಕು, ಅದಕ್ಕೆ ಎರಡು ವಾರ ಮೊದಲು ಆಮ್ಲನಿರೋಧಕವನ್ನು ಬಿಟ್ಟಿರಬೇಕು, ಇಲ್ಲವಾದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲವೆಂದು ವರದಿ ಬರಬಹುದು. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ನೋವು, ತೂಕ ಇಳಿಯುವುದು, ನುಂಗಲು ಕಷ್ಟವಾಗುವುದು, ರಕ್ತಹೀನತೆ ಇವುಗಳಲ್ಲಿ ಯಾವುದಿದ್ದರೂ ಎಂಡೋಸ್ಕೋಪಿಯನ್ನು ಮುಂದೂಡದೆ ಮಾಡಿಸಬೇಕು.

ಕೊನೆಯದಾಗಿ ಮನೆಯವರನ್ನು ಕೂರಿಸಿಕೊಂಡು, ಮತ್ತೆ ಯಾವ ಲಕ್ಷಣ ಕಂಡರೆ ಬರಬೇಕೆಂದು ಅವರ ಮಾತಿನಲ್ಲಿಯೇ ಹೇಳಿ, ಅವರಿಂದ ಒಮ್ಮೆ ಹೇಳಿಸಿ. ಇಸಿಜಿಯ ಪ್ರತಿಯನ್ನು ಅವರ ಕೈಗೆ ಕೊಡಿ, ಮುಂದಿನ ಸಲ ಹೋಲಿಸಿ ನೋಡಲು ಅದು ಬೇಕಾಗುತ್ತದೆ. ಅದೇ ರೋಗಿ ಅದೇ ರಾತ್ರಿ ಮರಳಿ ಬಂದರೆ "ಆಗಲೇ ನೋಡಿದ್ದೇವೆ, ಗ್ಯಾಸ್ಟ್ರಿಕ್" ಎಂದು ಹಳೆಯ ಚೀಟಿಯನ್ನು ಓದಬೇಡಿ; ಇಸಿಜಿಯಿಂದಲೇ ಮತ್ತೆ ಶುರುಮಾಡಿ.